ಹುಲಿಯಾಗಿ ನಿಂತವರ ಫೋಟೊ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯ ಫೋಟೊಗಳಿಗೆ ಒಂದು ಕ್ರಮವಿತ್ತು. ಮೊದಲು ಶರಣಬಸವೇಶ್ವರರು, ಪಕ್ಕದಲ್ಲೇ ಎಷ್ಟೋ ಮನೆಗಳಲ್ಲಿ ಬಂದೇನವಾಜರ ದರ್ಗಾ. ಅವರ ಕೆಳಗೆ ತೀರಿಹೋದ ಹಿರಿಯರು, ಆಮೇಲೆ ಮದುವೆಯ ಜೋಡಿ. ಇಷ್ಟರ ನಡುವೆ ಕೆಲವು ಮನೆಗಳಲ್ಲಿ ಒಂದು ಹುಲಿಯೂ ಇರುತ್ತಿತ್ತು. ಕಾಡಿನ ಹುಲಿಯಲ್ಲ, ಆ ಮನೆಯದೇ ಹುಡುಗ. ಮೈತುಂಬ ಹಳದಿ ಬಳಿಸಿಕೊಂಡು, ಕರಿಪಟ್ಟಿ ಬರೆಸಿಕೊಂಡು, ಹಗ್ಗದ ಬಾಲ ಕಟ್ಟಿಕೊಂಡು, ಸ್ಟುಡಿಯೊದ ಪಡದೆಯ ಮುಂದೆ ಎದೆ ಸೆಟೆಸಿ ನಿಂತವನು. ಬಹಳ ಮನೆಗಳಲ್ಲಿ ಆ ಹುಡುಗನ ಬಾಲ್ಯದ್ದೆಂದು ಇದ್ದದ್ದು ಅದೊಂದೇ ಚಿತ್ರ. ಅದರಲ್ಲೂ ಮುಖ ಕಾಣುತ್ತಿರಲಿಲ್ಲ, ಹುಲಿ ಕಾಣುತ್ತಿತ್ತು.

ಅಂಥ ಹುಲಿಗಳಲ್ಲಿ ಎಷ್ಟೋ ನನ್ನ ಸೋದರಮಾವ ಬರೆದವು. ಮಾಮಾ ಶಹಾಬಾದದಲ್ಲಿ ಬೋರ್ಡು ಬರೆಯುತ್ತಿದ್ದ. ಫರ್ಸಿ ಅಂಗಡಿಗಳ ಹೆಸರು, ಲಾರಿಗಳ ಹಿಂದಿನ ಅಕ್ಷರ, ಗೋಡೆ ಮೇಲಿನ ಸಿಮೆಂಟಿನ ಜಾಹೀರಾತು, ಚುನಾವಣೆ ಬಂದರೆ ಎಲ್ಲ ಪಕ್ಷದ ಚಿಹ್ನೆಗಳೂ ಅವನ ಕೆಲಸವೇ. ಫೋಟೊ ತೆಗೆಯುತ್ತಿದ್ದವರು ವಾಡಿ ಸ್ಟೇಷನ್ನಿನ ಹತ್ತಿರ ಸಣ್ಣ ಸ್ಟುಡಿಯೊ ಇಟ್ಟಿದ್ದ ಅವನ ಗೆಳೆಯರು. ಊರೆಲ್ಲ ಅವರನ್ನು ಮಾಸ್ತರ ಅನ್ನುತ್ತಿತ್ತು, ನಾನು ಚಾಚಾ ಅನ್ನುತ್ತಿದ್ದೆ. 1980ರ ದಶಕದಲ್ಲಿ ಇವರಿಬ್ಬರೂ ಕೂಡಿ ಮಾಡಿದ್ದನ್ನು ಈಗಿನವರು ಪ್ರಾಜೆಕ್ಟ್ ಅನ್ನಬಹುದು. ಅವರು ಅದಕ್ಕೆ ಹೆಸರಿಟ್ಟಿರಲಿಲ್ಲ. ಮೊಹರಂ ಬಂತೆಂದರೆ ಮಾಮಾ ಡಬ್ಬಿ, ಬ್ರಷ್ಷು ಗಂಟು ಕಟ್ಟುತ್ತಿದ್ದ. ಚಾಚಾ ಸ್ಟುಡಿಯೊದ ಪಡದೆ ತೊಳೆಸುತ್ತಿದ್ದರು. ಸ್ಪಿರಿಟಿನ ಬಾಟಲಿ, ಹಳೆ ಅರಿವೆ ಹಿಡಿದುಕೊಂಡು ಹಿಂದೆ ಹೋಗುವವಳು ನಾನು.

ನಮ್ಮ ಕಡೆಯ ಮೊಹರಂ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಚಂದ್ರ ಕಂಡ ಮೇಲೆ ಅಲಾಯಿ ಕುಣಿ ಅಗೆಯುತ್ತಾರೆ, ಪೀರಲ ದೇವರ ಗುರುತಾದ ಪಂಜಾಗಳನ್ನು ಕೂಡಿಸುತ್ತಾರೆ. ಒಂದೂ ಮುಸಲ್ಮಾನರ ಮನೆಯಿಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂಡುತ್ತವೆ. ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ರಿವಾಯತ್ ಪದಗಳಾಗಿ ಹಾಡುತ್ತಾರೆ. ಕತ್ತಲರಾತ್ರಿ ಕಳೆದು ಮರುದಿನ ದೇವರು ಹೊಳೆಗೆ ಹೋಗುತ್ತವೆ. ಮಕ್ಕಳಿಗೆ ಜಡ್ಡು ಬಂದಾಗ, ಹುಟ್ಟಿದ ಕೂಸು ಉಳಿಯದೆ ಹೋದಾಗ ತಾಯಂದಿರು ಹರಕೆ ಹೊರುತ್ತಾರೆ. ಉಳಿದರೆ ಫಕೀರನ ಮಾಡ್ತೀನಿ, ಹುಲಿ ಬರಸ್ತೀನಿ ಅಂತ. ಹುಲಿಯಾಗುವುದು ಹೀಗೆ ಮೊದಲಿಗೆ ಹರಕೆ. ಆಟ ಅನ್ನುವುದು ಹುಲಿ ಕುಣಿಯಲು ಶುರುವಾದ ಮೇಲೆ.

ಇದು ಇಂದು ನಿನ್ನೆಯದಲ್ಲ. ಜಾಫರ್ ಷರೀಫ್ ಅನ್ನುವವರು ದಖ್ಖನಿನ ಮುಸಲ್ಮಾನರ ಪದ್ಧತಿಗಳ ಬಗ್ಗೆ ಬರೆದ ‘ಕಾನೂನ್-ಎ-ಇಸ್ಲಾಂ’ ಪುಸ್ತಕ ಹರ್ಕ್ಲಾಟ್ಸ್ ಎಂಬ ವೈದ್ಯನ ಅನುವಾದದಲ್ಲಿ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಮೊಹರಮ್ಮಿನ ವೇಷಗಳನ್ನು ಒಂದೊಂದಾಗಿ ವರ್ಣಿಸುವಾಗ ಹುಲಿಯೂ ಬರುತ್ತದೆ. ಅದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು. ಮಾಮಾನ ಕೈಯ ಬ್ರಷ್ಷು ಹಿಡಿದವರು ಅವನಿಗಿಂತ ಒಂದೂವರೆ ಶತಮಾನ ಮೊದಲೇ ಇದ್ದರು.

ಹುಲಿ ಬರೆಯುವುದು ಸುಲಭದ ಕೆಲಸವಲ್ಲ, ಬರೆಸಿಕೊಳ್ಳುವುದು ಅದಕ್ಕಿಂತ ಕಷ್ಟ. ಮೊದಲು ಮೈಕೂದಲು ಬೋಳಿಸಬೇಕು. ಇಲ್ಲದಿದ್ದರೆ ಬಣ್ಣ ಒಣಗಿದ ಮೇಲೆ ಒಂದೊಂದು ಕೂದಲೂ ಹಿಡಿದು ಜಗ್ಗುತ್ತದೆ. ಆಮೇಲೆ ಮೈಯೆಲ್ಲ ಹಳದಿ. ಅದು ಒಣಗುವ ತನಕ ಎರಡೂ ಕೈ ಚಾಚಿ ಕೋಲು ಹಿಡಿದು ನಿಲ್ಲಬೇಕು, ಕೂಡುವಂತಿಲ್ಲ. “ಕೈ ಎತ್ತಿ ನಿಂದರೋ ತಮ್ಮಾ, ಬಗಲಿಗಿ ಅಂಟಿದ್ರ ತೊಗಲು ಕಿತ್ತ್ ಬರ್ತದ” ಅಂತ ಮಾಮಾ ಹೇಳುತ್ತಲೇ ಇರುತ್ತಿದ್ದ. ಹಳದಿ ಒಣಗಿದ ಮೇಲೆ ಹೊಟ್ಟೆಗೆ ಬಿಳಿ, ಕೊನೆಗೆ ಕರಿಪಟ್ಟಿ. ಪಟ್ಟಿ ಎಳೆಯುವಾಗ ಅವನು ಮಾತಾಡುತ್ತಿರಲಿಲ್ಲ. ಬೆನ್ನುಹುರಿಯಿಂದ ಶುರುಮಾಡಿ ಪಕ್ಕೆಲುಬಿನ ಗುಂಟ ಇಳಿಸುತ್ತಿದ್ದ. ಉಸಿರಾಡಿದಾಗ ಪಟ್ಟಿಯೂ ಉಸಿರಾಡಬೇಕು ಅನ್ನುವುದು ಅವನ ಲೆಕ್ಕ. ತೆಳ್ಳಗಿನ ಹುಡುಗರಿಗೆ ಪಟ್ಟಿ ದಪ್ಪ, ದಪ್ಪಗಿನವರಿಗೆ ಸಣ್ಣ. ಕಲ್ಲಿನ ಖಣಿಯಲ್ಲಿ ದುಡಿಯುವ ಗಂಡಸರ ಬೆನ್ನು ಅವನಿಗೆ ಬಹಳ ಪಸಂದ. ಅವರ ಬೆನ್ನ ಮೇಲೆ ಇನ್ನೊಂದು ಹುಲಿಯ ಮುಖವನ್ನೇ ಬರೆದುಬಿಡುತ್ತಿದ್ದ, ಅವರು ಭುಜ ಅಲುಗಿಸಿದರೆ ಆ ಮುಖ ಹುಬ್ಬು ಗಂಟಿಕ್ಕುತ್ತಿತ್ತು.

ಬಳಸುತ್ತಿದ್ದದ್ದು ಬಾಗಿಲು ಕಿಟಕಿಗೆ ಹಚ್ಚುವ ಎನಾಮೆಲ್. ಹಬ್ಬ ಮುಗಿದ ಮೇಲೆ ರೇಷನ್ನಿನ ಚಿಮಣಿ ಎಣ್ಣಿ ಹಚ್ಚಿ ತಿಕ್ಕಿದರೇ ಹೋಗುವುದು, ಚರ್ಮ ಕೆಂಪಗಾಗುತ್ತಿತ್ತು. ಆ ಕಾಲದ ಹಳದಿ ಎನಾಮೆಲ್ಲಿನಲ್ಲಿ ಸೀಸ ಸಾಮಾನ್ಯ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಇವತ್ತು ಹುಲಿ ಬರೆಯುವ ಹುಡುಗರನ್ನು ಕಂಡರೆ ನೀರಲ್ಲಿ ಹೋಗುವ, ಮೈಗೆಂದೇ ಮಾಡಿದ ಬಣ್ಣ ತರಿಸಿರೆಂದು ಕೈಮುಗಿದು ಹೇಳುತ್ತೇನೆ. ಹರಕೆ ಹೊತ್ತದ್ದು ಕೂಸು ಬದುಕಲಿ ಅಂತ.

ಚಾಚಾನ ಕಷ್ಟ ಬೇರೆ ಥರದ್ದು. ಎನಾಮೆಲ್ ಹೊಳೆಯುತ್ತದೆ. ಸ್ಟುಡಿಯೊದ ದೊಡ್ಡ ಬಲ್ಬು ಹತ್ತಿಸಿದರೆ ಹುಲಿಯ ಹೊಟ್ಟೆ ಮೇಲೆ ಬಲ್ಬೇ ಕಾಣುತ್ತಿತ್ತು. ಹಾಗಾಗಿ ಕ್ಯಾಮೆರಾದ ಮುಂದೆ ನಿಲ್ಲಿಸುವ ಮೊದಲು ಮೈಮೇಲೆ ಪೌಡರ್ ಉದುರಿಸಿ ಹೊಳಪು ಕೊಲ್ಲುತ್ತಿದ್ದರು. ಆ ಕೆಲಸ ನನ್ನದು. ಎರಡನೆಯ ಕಷ್ಟ ಹಳದಿಯದೇ. ಫಿಲಂ ಕಪ್ಪು ಬಿಳುಪಿನದು. ಅದರಲ್ಲಿ ಕೆಂಪು ಬಣ್ಣಕ್ಕೆ ಕುರುಡಾದ ಹಳೆಯ ಥರದ ಫಿಲಂ ಹಾಕಿದರೆ ಹಳದಿ ಮಂಕಾಗಿ, ಪಟ್ಟಿಯೂ ಮೈಯೂ ಒಂದೇ ಆಗಿ, ಹುಲಿ ಕೆಸರಿನಿಂದ ಎದ್ದುಬಂದ ಎಮ್ಮೆಯಂತೆ ಕಾಣುತ್ತಿತ್ತು. ಎಲ್ಲ ಬಣ್ಣ ಕಾಣುವ ಫಿಲಂ ಹಾಕಿ, ಲೆನ್ಸಿನ ಮುಂದೆ ಹಳದಿ ಗಾಜು ಇಟ್ಟರೆ ಹಳದಿ ಬೆಳ್ಳಗಾಗಿ, ಪಟ್ಟಿ ಕಡುಕಪ್ಪಾಗಿ ಎದ್ದು ಬರುತ್ತಿತ್ತು. ಚಾಚಾ ಇದನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಮಾಡಿ ನೋಡಿ, ಕಾಗದ ಕೆಡಿಸಿ, ಮತ್ತೆ ಮಾಡಿ ಕಂಡುಕೊಂಡವರು. ಕೆಂಪು ಬಲ್ಬಿನ ಕತ್ತಲೆ ಕೋಣೆಯಲ್ಲಿ, ತಟ್ಟೆಯ ನೀರಿನಲ್ಲಿ ಬಿಳಿಹಾಳೆಯಿಂದ ಮೊದಲು ಪಟ್ಟಿಗಳು ಮೂಡುತ್ತಿದ್ದವು, ಆಮೇಲೆ ಕಣ್ಣು, ಕಡೆಗೆ ಹುಡುಗ. ದುಡ್ಡು ಕೊಡುವವರಿಗೆ ಅದರ ಮೇಲೆ ಹತ್ತಿಯಿಂದ ಬಣ್ಣ ಹಚ್ಚಿ ಕೊಡುತ್ತಿದ್ದರು. ಆಗ ಹಳದಿ ಎರಡನೆಯ ಸಲ ಹುಟ್ಟುತ್ತಿತ್ತು.

ಚಂದ್ರಮಾನದ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಆ ದಶಕದ ಮೊದಲಲ್ಲಿ ಮೊಹರಂ ನವೆಂಬರಿನ ಎಳೆ ಚಳಿಗೆ ಬಿದ್ದಿತ್ತು, ಕೊನೆಗೆ ಆಗಸ್ಟಿನ ಮಳೆಗೆ ಬಂದಿತ್ತು. ಮಳೆಗಾಲದ ಹುಲಿಗಳಿಗೆ ಬಣ್ಣ ಒಣಗುತ್ತಿರಲಿಲ್ಲ. ಸ್ಟುಡಿಯೊದ ಬಲ್ಬಿನ ಕಾವಿನಲ್ಲಿ ನಿಂತು ಒಣಗಿಸಿಕೊಳ್ಳಲೆಂದೇ ಕೆಲವರು ಬರುತ್ತಿದ್ದರು, ಬಂದವರು ಫೋಟೊ ತೆಗೆಸಿಕೊಂಡೇ ಹೋಗುತ್ತಿದ್ದರು.

ಪಡದೆಯ ಬಗ್ಗೆ ಗೆಳೆಯರಿಬ್ಬರಿಗೂ ಸದಾ ವಾದ. ಚಾಚಾನ ಪಡದೆಯಲ್ಲಿ ಮೆಟ್ಟಿಲು, ತೋಟ, ದೂರದಲ್ಲಿ ತಾಜಮಹಲ. ಹುಲಿಗೆ ತಾಜಮಹಲ ಯಾಕೆ ಅಂತ ಮಾಮಾ. ಹುಲಿಗೂ ಒಮ್ಮೆ ನೋಡಬೇಕನಿಸೋದಿಲ್ಲೇನು ಅಂತ ಚಾಚಾ. ಕೊನೆಗೆ ಮಾಮಾ ಒಂದು ಉಪಾಯ ಮಾಡಿದ. ಆಳುದ್ದದ ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ಬಂಡಿಯಲ್ಲಿ ತರಿಸಿ ಸ್ಟುಡಿಯೊದ ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸಿದ. ಬೂದು ಕಲ್ಲು, ಯಾವ ಚಿತ್ರವೂ ಇಲ್ಲ. ಅದರ ಮುಂದೆ ನಿಂತ ಹುಲಿಗಳ ಫೋಟೊ ಇವತ್ತು ನೋಡಿದರೂ ಕಣ್ಣು ಕೀಳಲಾಗುವುದಿಲ್ಲ. ಆ ಕಲ್ಲು ಅಗೆದವರೇ ಆ ಕಲ್ಲಿನ ಮುಂದೆ ಹುಲಿಯಾಗಿ ನಿಂತಿದ್ದರು. ಅದೇ ಅವರ ಅರಮನೆ ಅಂತ ನನಗನಿಸುತ್ತದೆ.

ಇಲ್ಲಿ ಒಂದು ಹೋಲಿಕೆ ನನ್ನನ್ನು ಬಿಡುವುದಿಲ್ಲ. ನಮ್ಮ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. ವಾಡಿಯಿಂದ ಹೈದರಾಬಾದಿಗೆ ರೈಲು ಓಡಿದ್ದು 1874ರಲ್ಲಿ. ಅದಾದ ಸುಮಾರು ಹತ್ತು ವರ್ಷಕ್ಕೆ ನಿಜಾಮರ ಆಸ್ಥಾನದ ಫೋಟೊಗ್ರಾಫರ್ ಆದವರು ಲಾಲಾ ದೀನದಯಾಳ್. ಸಿಕಂದರಾಬಾದಿನ ಅವರ ಸ್ಟುಡಿಯೊ ಹೆಸರಾದದ್ದು. ಅವರ ಸ್ಟುಡಿಯೊದ ಒಂದು ಚಿತ್ರ 1902ರದು, ವರಂಗಲ್ಲಿನ ನೆಕೊಂಡದ ಬೇಟೆಯದು. ವೈಸರಾಯ್ ಕರ್ಜನ್ ಮತ್ತು ಅವನ ಹೆಂಡತಿ ನಿಂತಿದ್ದಾರೆ, ಕಾಲ ಬುಡದಲ್ಲಿ ಸತ್ತ ಹುಲಿ ಮಲಗಿದೆ. ಆ ಕಾಲದ ರಾಜರ, ಸಾಹೇಬರ ಆಲ್ಬಮ್ಮುಗಳಲ್ಲಿ ಹುಲಿ ಇರುವುದೇ ಹೀಗೆ, ಬಿದ್ದುಕೊಂಡು. ಅದೇ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ, ಅದೇ ರೈಲಿನಲ್ಲಿ ಹೈದರಾಬಾದಿನಿಂದ ತರಿಸಿದ ಕಾಗದದ ಮೇಲೆ, ಚಾಚಾ ಮೂಡಿಸಿದ ಒಂದೊಂದು ಹುಲಿಯೂ ಎದ್ದು ನಿಂತಿದೆ. ನೋಡುವವರ ಕಣ್ಣಲ್ಲಿ ಕಣ್ಣಿಟ್ಟಿದೆ. ದೀನದಯಾಳರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹುಲಿಗೆ ನ್ಯಾಯ ಸಿಕ್ಕದ್ದು ವಾಡಿಯ ಸ್ಟುಡಿಯೊದಲ್ಲಿ.

ಹಬ್ಬ ಮುಗಿದ ಮೇಲಿನ ದಿನಗಳು ನನಗೆ ಹಬ್ಬಕ್ಕಿಂತ ಪ್ರೀತಿಯವು. ಹರಕೆ ತೀರಿತ್ತು, ದೇವರು ಹೋಗಿದ್ದವು. ಇನ್ನು ಬರೆಯುವುದೆಲ್ಲ ಬರೀ ಖುಷಿಗೆ. ಮಾಮಾ ಎನಾಮೆಲ್ ಡಬ್ಬಿಗೆ ಮುಚ್ಚಳ ಹಾಕಿ, ಕಾಡಿಗೆ, ಕುಂಕುಮ, ಅರಿಷಿಣ, ವಿಭೂತಿ, ಕೆಮ್ಮಣ್ಣು ತೆಗೆದು ಕೊಬ್ಬರಿ ಎಣ್ಣಿಯಲ್ಲಿ ಕಲಸುತ್ತಿದ್ದ. ಮಕ್ಕಳು ಬಂದು ಏನಾಗಬೇಕೆಂದು ಹೇಳಿದರೆ ಅದನ್ನು ಬರೆಯುವುದು, ಚಾಚಾ ಅದರ ಫೋಟೊ ತೆಗೆಯುವುದು. ರೋಲಿನಲ್ಲಿ ಉಳಿದ ಒಂದೆರಡು ಫಿಲಂ ಇದಕ್ಕೇ ಮೀಸಲು. ವಾಡಿಯ ಒಬ್ಬ ಹುಡುಗ ರೈಲಿನ ಎಂಜಿನ್ ಆಗಬೇಕೆಂದ. ಮೈಯೆಲ್ಲ ಕಾಡಿಗೆ ಬಳಿದು, ಎದೆಯ ಮೇಲೆ ನಂಬರು, ಹೊಟ್ಟೆಯ ಮೇಲೆ ಕೆಂಪು ಪಟ್ಟಿ ಬರೆದದ್ದಾಯಿತು. ಫೋಟೊ ತೆಗೆಯುವಾಗ ಹೊಗೆ ಬರಲೆಂದು ಚಾಚಾ ಊದಿನಕಡ್ಡಿಯ ಕಟ್ಟನ್ನೇ ಹಚ್ಚಿದರು. ಸುಲೇಪೇಟದಿಂದ ಬಂದ ಅಣ್ಣತಮ್ಮಂದಿರು ಇಬ್ಬರೂ ಹುಲಿಯಾಗಬೇಕೆಂದರು. ಬಾಲ ಒಂದೇ ಉಳಿದಿತ್ತು. ಒಬ್ಬನ ಸೊಂಟದಿಂದ ಇನ್ನೊಬ್ಬನ ಸೊಂಟಕ್ಕೆ ಅದನ್ನೇ ಕಟ್ಟಿ ನಿಲ್ಲಿಸಿದರು.

ಚಿಂಚೋಳಿ ಕಡೆಯ ತಾಂಡಾದಿಂದ ಬಂದ ಹುಡುಗನೊಬ್ಬ ಹುಲಿ ಬೇಡವೆಂದ. “ಹುಲಿ ನಾ ನೋಡಿಲ್ರಿ. ತೋಳ ನೋಡೀನಿ. ತೋಳ ಮಾಡ್ರಿ” ಅಂದ. ಆ ಕಾಡಿನಲ್ಲಿ ತೋಳ, ಕತ್ತೆಕಿರುಬ ಇದ್ದವು, ಈಗಲೂ ಇವೆ. 2011ರಲ್ಲಿ ಅದು ವನ್ಯಧಾಮವಾಗಿದೆ. ಮಾಮಾ ತೋಳ ನೋಡಿರಲಿಲ್ಲ. ಹುಡುಗನನ್ನೇ ಕೂಡಿಸಿಕೊಂಡು ಕಿವಿ ಹ್ಯಾಂಗಿರ್ತದ, ಬೆನ್ನ ಮ್ಯಾಲಿನ ಕೂದಲು ಯಾ ಬಣ್ಣ, ಓಡುವಾಗ ಬಾಲ ಎತ್ತತದೋ ಇಳಸತದೋ ಅಂತ ಕೇಳಿ ಕೇಳಿ ಬರೆದ. ವಿಭೂತಿಯೂ ಕಾಡಿಗೆಯೂ ಕೂಡಿ ಆದ ಬೂದುಬಣ್ಣ. ಆ ಫೋಟೊದಲ್ಲಿ ಹುಡುಗ ನಾಲ್ಕು ಕಾಲ ಮೇಲೆ ಇದ್ದಾನೆ, ತಲೆ ತಗ್ಗಿಸಿ ಕಣ್ಣು ಮಾತ್ರ ಮೇಲೆತ್ತಿದ್ದಾನೆ. ತೋಳ ನಿಜವಾಗಿ ನೋಡಿದವನಿಗೆ ಮಾತ್ರ ಬರುವ ನೋಟ ಅದು.

ಮೆರವಣಿಗೆಯ ಹುಲಿಗಳಲ್ಲಿ ಹೆಣ್ಣುಮಕ್ಕಳು ಇರಲಿಲ್ಲ. ಹುಡುಗಿಯರಿಗೆ ಮಾಮಾ ಕೈಮೇಲೆ ನವಿಲು, ಗಲ್ಲದ ಮೇಲೆ ಗಿಣಿ ಬರೆಯುತ್ತಿದ್ದ. ನನಗೂ ನವಿಲು ಬಂದಿತ್ತು. ಒಂದು ವರ್ಷ ನಾನು ಹಟ ಹಿಡಿದೆ. “ಮಾಮಾ, ನನಗೂ ಹುಲಿ ಬರಿ.”

“ಹೆಣ್ಮಕ್ಕಳಿಗಿ ಹುಲಿ ಬರದ್ರ ಊರಾಗ ಏನಂತಾರವ್ವಾ?” ಅಂದ ಮಾಮಾ. ಸಿಟ್ಟಿನಿಂದಲ್ಲ, ನಿಜವಾದ ಚಿಂತೆಯಿಂದ.

ಚಾಚಾ ಲೆನ್ಸ್ ಒರೆಸುತ್ತಿದ್ದವರು ತಲೆ ಎತ್ತಲೇ ಇಲ್ಲ. “ಊರಿಗಿ ಯಾಕ್ ಹೇಳ್ತಿ ಪೇಂಟರ್ ಸಾಬ? ಬಾಗಲಾ ನಂದು, ಕ್ಯಾಮೆರಾ ನಂದು. ಬರಿ” ಅಂದರು.

ಅಣ್ಣನ ಹಳೆಯ ಅಂಗಿ, ಮೊಳಕಾಲಿನ ತನಕದ ಚಡ್ಡಿ ಹಾಕಿದೆ. ಅಂಗಿಯ ಮೇಲೇ ಪಟ್ಟಿ ಎಳೆದರು. ಮುಖ, ಕೈ, ಕಾಲಿಗೆ ಅರಿಷಿಣದ ಹಳದಿ. ಮೀಸೆಯ ಕೂದಲಿಗೆ ಕಡ್ಡಿ ತುದಿಯಿಂದ ಒಂದೊಂದು ಗೆರೆ. ಕನ್ನಡಿ ತೋರಿಸಿದಾಗ ನಾನು ಇರಲಿಲ್ಲ. ಎಷ್ಟು ಹಗುರೆನಿಸಿತೆಂದರೆ, ತಲೆಬಾಗಿ ನಡಿ, ಕಾಲು ಕೂಡಿಸಿ ಕೂಡು, ಹಲ್ಲು ಕಾಣಿಸಬ್ಯಾಡ ಎಂದು ಆ ತನಕ ಕೇಳಿದ್ದೆಲ್ಲ ಆ ಬಣ್ಣದ ಹೊರಗೇ ಉಳಿಯಿತು. ಮದುವೆಯ ಜೋಡಿಗಳಿಗೆ “ನಗಬ್ಯಾಡ್ರಿ, ಉಸುರು ಹಿಡೀರಿ” ಅನ್ನುವ ಚಾಚಾ ನನಗೆ “ಶೇರ್, ಬಾಯಿ ತೆಗಿ!” ಅಂದರು. ನಾನು ಬಾಯಿ ತೆಗೆದೆ. ಬಂದ ದನಿ ಸ್ಟೇಷನ್ನಿನ ತನಕ ಕೇಳಿತೆಂದು ಮಾಮಾ ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದ.

ಆ ಫೋಟೊ ಮನೆಗೆ ಬಂದಾಗ ಅಪ್ಪ ಇದ್ಯಾರ ಮಗ ಅಂತ ಕೇಳಿದರು. ಅಕ್ಕಪಕ್ಕದವರು ಅಣ್ಣನೇ ಅಂದರು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಕೈ ಒರೆಸಿಕೊಂಡು, ಒಂದು ಕ್ಷಣ ನೋಡಿ, “ನನ್ನ ಮಗಳು. ಎಡಗಾಲ ಮ್ಯಾಲ ಭಾರ ಹಾಕಿ ನಿಂದರಾಕಿ ಇಕಿ ಒಬ್ಬಾಕೀನೆ” ಅಂದಳು. ಯಾರೂ ಬೈಯಲಿಲ್ಲ. ಫೋಟೊ ಗೋಡೆಗೆ ಹೋಯಿತು.

ಆವತ್ತಿನಿಂದ ನಾನು ಹುಲಿ ಫೋಟೊಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ರೇಷನ್ ಕಾರ್ಡಿಗೆ, ಪರೀಕ್ಷೆಯ ಫಾರ್ಮಿಗೆ ತೆಗೆಸುವ ಪಾಸ್‌ಪೋರ್ಟ್ ಸೈಜಿನ ಚಿತ್ರದಲ್ಲಿ ಮುಖ ಇರುತ್ತದೆ, ಮನುಷ್ಯ ಇರುವುದಿಲ್ಲ. ಸರಕಾರಕ್ಕೆ ಬೇಕಾದ ಹಾಗೆ ಕೂತಿರುತ್ತಾನೆ. ಹುಲಿಯ ಚಿತ್ರದಲ್ಲಿ ಮುಖ ಮುಚ್ಚಿಹೋಗಿ ಉಳಿದದ್ದೆಲ್ಲ ಹೊರಗೆ ಬರುತ್ತದೆ. ನಿಲ್ಲುವ ರೀತಿ, ಬೆರಳು ಬಿಚ್ಚುವ ರೀತಿ, ಕತ್ತಿನ ಸೊಕ್ಕು. ದಿನವಿಡೀ ಮಾಲಕರ ಮುಂದೆ ತಲೆತಗ್ಗಿಸುವ ಖಣಿಯ ಆಳು ಆ ಚಿತ್ರದಲ್ಲಿ ಯಾರಿಗೂ ತಗ್ಗಿಲ್ಲ. ಅವನ ಹೆಂಡತಿ ಮಕ್ಕಳು ಅದನ್ನೇ ಗೋಡೆಗೆ ಹಾಕಿದ್ದು ಸುಮ್ಮನೆ ಅಲ್ಲ.

ಚಿತ್ತಾಪುರ ತಾಲೂಕಿನ ಸನ್ನತಿಯ ಪಕ್ಕ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಉತ್ಖನನ 1990ರ ದಶಕದಲ್ಲಿ ನಡೆದಾಗ ಸುಣ್ಣಗಲ್ಲಿನ ಮೇಲೆ ಕೆತ್ತಿದ ಸಾಮ್ರಾಟ ಅಶೋಕನ ಶಿಲ್ಪ ಸಿಕ್ಕಿತು. ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರು. ಅಲ್ಲಿಗೆ ಹೋಗಿ ನೋಡಿದಾಗ ನನಗೆ ನೆನಪಾದದ್ದು ಚಾಚಾನ ಪೆನ್ಸಿಲ್. ಪ್ರತಿ ಫೋಟೊದ ಬೆನ್ನಿಗೂ ಅವರು ಏನಾದರೂ ಬರೆಯುತ್ತಿದ್ದರು. ರಾಜನಿಗೆ ಶಿಲ್ಪಿ ಕೊಟ್ಟ ಮರ್ಯಾದೆಯನ್ನು ಚಾಚಾ ಊರಿನ ಹುಡುಗರಿಗೆ ಕೊಟ್ಟಿದ್ದರು. ವ್ಯತ್ಯಾಸವೆಂದರೆ ಅವರು ಹೆಸರಿಗಿಂತ ಹೆಚ್ಚಾಗಿ ಊರು ಮತ್ತು ಸಂದರ್ಭ ಬರೆದಿದ್ದಾರೆ. ‘ರಾವೂರ, ಹರಕಿ, ಅಜ್ಜಿ ಜೋಡಿ.’ ‘ಸುಲೇಪೇಟ, ಎರಡು ಹುಲಿ ಒಂದು ಬಾಲ.’ ‘ನಾಲವಾರ, ಮಳಿ, ಬಣ್ಣ ಹಸಿ.’ ‘ಮಳಖೇಡ, ಅಳತಾ ಬಂದ, ನಗತಾ ಹೋದ.’

ಚಾಚಾ ತೀರಿಕೊಂಡ ಮೇಲೆ ಸ್ಟುಡಿಯೊ ಮೊಬೈಲ್ ರಿಪೇರಿ ಅಂಗಡಿಯಾಯಿತು. ಕಲ್ಲಿನ ಚಪ್ಪಡಿಗಳು ಯಾರದೋ ಅಂಗಳಕ್ಕೆ ಹೋದವು. ಮಾಮಾನ ಕೈ ನಡುಗತೊಡಗಿ ಬ್ರಷ್ಷು ಬಿಟ್ಟ, ಬೋರ್ಡುಗಳೆಲ್ಲ ಫ್ಲೆಕ್ಸ್ ಆದವು. ಫೋಟೊಗಳ, ನೆಗೆಟಿವ್‌ಗಳ ತಗಡಿನ ಪೆಟ್ಟಿಗೆಯನ್ನು ಚಾಚಾನ ಮನೆಯವರು ನನ್ನ ಕೈಗಿಟ್ಟರು. ಕೆಲವು ಫಿಲಂ ತೇವಕ್ಕೆ ಅಂಟಿಕೊಂಡಿವೆ, ಬಿಡಿಸಲು ಬರುವುದಿಲ್ಲ. ಉಳಿದವನ್ನು ಸ್ಕ್ಯಾನ್ ಮಾಡಿಸಿ, ಬೆನ್ನ ಮೇಲಿನ ಬರಹ ಹಿಡಿದು ಊರೂರು ಕೇಳುತ್ತ ಒಂದೊಂದನ್ನೇ ಮನೆ ಸೇರಿಸುತ್ತಿದ್ದೇನೆ.

ತೋಳದ ಹುಡುಗ ಸಿಕ್ಕಿದ. ಈಗ ಕಲ್ಲಿನ ಲಾರಿ ಓಡಿಸುತ್ತಾನೆ, ಮೊಮ್ಮಕ್ಕಳಿವೆ. ಫೋನಿನಲ್ಲಿ ಚಿತ್ರ ಕಳಿಸಿದೆ. ಸೇಡಮ್ಮಿನ ಒಂದು ಅಂಗಡಿಯಲ್ಲಿ ಕಂಪ್ಯೂಟರಿನಿಂದ ಅದಕ್ಕೆ ಬಣ್ಣ ಹಾಕಿಸಿಕೊಂಡನಂತೆ. ಅಂಗಡಿಯ ಹುಡುಗ ಹುಲಿಯೆಂದು ತಿಳಿದು ಹಳದಿ ಮಾಡಿಟ್ಟಿದ್ದ. “ತೋಳ ಹಳದಿ ಇರ್ತದೇನ್ರಿ ಅಕ್ಕಾ? ನಿಮ್ಮ ಮಾಮಾ ಅವತ್ತ ಅರ್ಧ ತಾಸು ಕೇಳಿ ಕೇಳಿ ಬೂದಿಬಣ್ಣ ಕಲಸಿದ್ದ” ಅಂತ ನನಗೆ ಫೋನು ಮಾಡಿದ. ನಾವಿಬ್ಬರೂ ಕೂಡಿ ಆ ಅಂಗಡಿಗೆ ಹೋದೆವು. ಪಕ್ಕದಲ್ಲಿ ನಿಂತು ಇನ್ನೂ ಕಪ್ಪು, ಇನ್ನೂ ಜರಾ ಬಿಳಿ, ಕಿವಿ ಹತ್ರ ಕೆಂಪು ಬರಲಿ ಅಂತ ಹೇಳಿ ಹೇಳಿ ಸರಿಮಾಡಿಸಿದ.

ರಾವೂರಿನ ಅಜ್ಜಿ ಈಗ ಇರಲಿಕ್ಕಿಲ್ಲ. ಅವಳ ಪಕ್ಕ ನಿಂತ ಹುಲಿ ನನ್ನ ವಯಸ್ಸಿನವನೇ ಇರಬೇಕು. ಫೋಟೊದಲ್ಲಿ ಅಜ್ಜಿ ಹುಲಿಯ ಕಿವಿ ಹಿಡಿದಿದ್ದಾಳೆ, ಅವಳ ಬೆರಳಿಗೆ ಹಳದಿ ಹತ್ತಿದೆ. ಸುಲೇಪೇಟದ ಅಣ್ಣತಮ್ಮಂದಿರ ಸುಳಿವೂ ಇನ್ನೂ ಸಿಕ್ಕಿಲ್ಲ. ಬರುವ ವಾರ ನಾಲವಾರಕ್ಕೆ ಹೋಗಿ, ಅಲ್ಲಿಂದ ರಾವೂರಿಗೆ ಬಂದು, ಮೊದಲು ಮೊಹರಮ್ಮಿಗೆ ದೇವರು ಕೂಡಿಸುವ ಮನೆಯವರನ್ನು ಕೇಳಬೇಕೆಂದಿದ್ದೇನೆ. ಯಾವ ಮನೆಯವರು ಯಾವ ವರ್ಷ ಹರಕೆ ಹೊತ್ತಿದ್ದರೆಂಬುದು ಅವರಿಗೆ ಗೊತ್ತಿರುತ್ತದೆ.